ಪ್ರೆಸ್ಕಾಟ್ ಊರಿನ ಚಿತ್ರಸಂತೆ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಸಭೆಯ ಸೂಚನಾಪತ್ರದಲ್ಲಿ ನಮ್ಮ ಕಾರ್ಯದರ್ಶಿಗಳು ನನ್ನ ವಿಷಯವನ್ನು ‘ಪಾಶ್ಚಾತ್ಯ ಚಿತ್ರಕಲೆ’ ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ನಂಬಿ, ಪಿಕಾಸೋನ ಚಿತ್ರಗಳಲ್ಲಿ ಎರಡು ಕಣ್ಣೂ ಒಂದೇ ಕಡೆ ಏಕಿರುತ್ತವೆಂದು ತಿಳಿಯಬಯಸಿ ಬಂದವರು ಯಾರಾದರೂ ಇದ್ದರೆ ಅವರಲ್ಲಿ ಮೊದಲೇ ಕ್ಷಮೆ ಬೇಡುತ್ತೇನೆ. ತಪ್ಪು ಅವರದಲ್ಲ, ಕಾರ್ಯದರ್ಶಿಗಳದೂ ಅಲ್ಲ. ‘ವೆಸ್ಟರ್ನ್ ಆರ್ಟ್’ ಎಂದರೆ ನಮ್ಮಲ್ಲಿ ಐರೋಪ್ಯ ಕಲೆ ಎಂದೇ ಅರ್ಥ. ಅಮೆರಿಕದಲ್ಲಿ ಅದೇ ಮಾತನ್ನು ಆಡಿದರೆ ಕೇಳಿದವನ ಕಣ್ಣಿಗೆ ಕಟ್ಟುವುದು ಬೇರೆ: ಅಗಲವಾದ ಟೋಪಿ, ಕುದುರೆ, ಉದ್ದ ಕೊಂಬಿನ ದನ, ಕೆಂಪು ಬಂಡೆ, ಧೂಳು. ಆ ದೇಶದ ಪಡುವಣ ಸೀಮೆಯ ಬಾಳನ್ನು ತೋರಿಸುವ ಚಿತ್ರಗಳಿಗೂ ಶಿಲ್ಪಗಳಿಗೂ ಅಲ್ಲಿ ಆ ಹೆಸರು. ಅಂಥದೊಂದು ಪ್ರದರ್ಶನವನ್ನು ಒಂದು ಸಣ್ಣ ಊರಿನ ಹಳೆಯ ಪೇಟೆಯಲ್ಲಿ ನಾನು ನೋಡಿದೆ. ಅದನ್ನಷ್ಟೇ ಹೇಳಬಲ್ಲೆ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವನು. ಚಿತ್ರವನ್ನು ಓದುವುದಕ್ಕಿಂತ ಚಿತ್ರದ ಬೆಲೆಚೀಟಿ ಓದುವುದು ನನಗೆ ಸುಲಭ.

ನಾನು ಅಲ್ಲಿಗೆ ಹೋದದ್ದಾದರೂ ಕಲೆಯ ಹಂಬಲದಿಂದಲ್ಲ. ನನ್ನ ಅಕ್ಕ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಸಂಸಾರ ಹೂಡಿದ್ದಾಳೆ. ಅವಳ ಎರಡನೆಯ ಹೆರಿಗೆಗೆಂದು ಅವ್ವ ಹೋಗಿದ್ದಳು. ಬಾಣಂತನ ಮುಗಿಸಿದ ಅವಳನ್ನು ಕರೆತರಲು ೨೦೨೩ರ ಮೇ ತಿಂಗಳಲ್ಲಿ ನಾನು ಹೋದೆ. ಮೂರು ವಾರದ ರಜೆಯನ್ನು ಹೇಗೆ ಗಿಟ್ಟಿಸಿದೆನೆಂಬುದು ಇನ್ನೊಂದು ಭಾಷಣಕ್ಕೆ ಆದೀತು. ಫೀನಿಕ್ಸಿನ ಮೇ ತಿಂಗಳೆಂದರೆ ನಮ್ಮ ರಾಯಚೂರಿನ ಮೇ ತಿಂಗಳೇ. ಐದು ತಿಂಗಳಿಂದ ಹವಾನಿಯಂತ್ರಣದ ಕೋಣೆಯಲ್ಲಿ ಕೂತು ಕೂತು ಅವ್ವ ಮಂಕಾಗಿದ್ದಳು. ಅದನ್ನು ಕಂಡು ಭಾವನವರು, “ಮೇಲೆ ಗುಡ್ಡದ ಊರಿಗೆ ಹೋಗಿ ಬನ್ನಿ, ಅಲ್ಲಿ ಜಾತ್ರೆಯಂಥದೊಂದು ನಡೆಯುತ್ತಿದೆ,” ಎಂದರು. ಆ ಗುಡ್ಡದ ಊರೇ ಪ್ರೆಸ್ಕಾಟ್.

ಫೀನಿಕ್ಸಿನಿಂದ ಉತ್ತರಕ್ಕೆ ಸುಮಾರು ೧೦೦ ಮೈಲಿ. ಎರಡು ಗಂಟೆಯ ದಾರಿ. ಮೊದಲ ಒಂದು ಗಂಟೆ ಆಳೆತ್ತರದ, ಮೂರಾಳೆತ್ತರದ ಕಳ್ಳಿಗಿಡಗಳು ಕೈಯೆತ್ತಿ ನಿಂತ ಮರುಭೂಮಿ. ಆಮೇಲೆ ಹುಲ್ಲುಗಾವಲು. ಕೊನೆಗೆ ದೇವದಾರುವಿನ ಜಾತಿಯ ಪಾಂಡೆರೋಸಾ ಮರಗಳ ಕಾಡು. ಊರು ಇರುವುದು ಸಮುದ್ರಮಟ್ಟದಿಂದ ೫,೪೦೦ ಅಡಿಯ ಎತ್ತರದಲ್ಲಿ. ಕಾರಿನಿಂದಿಳಿದೊಡನೆ ಅವ್ವ ಸೆರಗು ಹೊದ್ದುಕೊಂಡು, “ಇಷ್ಟ ಚಲೋ ಗಾಳಿ ಇಟಗೊಂಡು ನಮ್ಮನ್ನ ಆ ಒಲಿಯಾಗ ಕುಂಡ್ರಿಸಿದ್ರಲ್ಲೋ,” ಎಂದು ಅಳಿಯನನ್ನು ಮನಸಾರೆ ಬೈದಳು.

ಊರಿನ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ; ಏಕೆಂದರೆ ಅದರಲ್ಲೊಂದು ತಮಾಷೆಯಿದೆ. ೧೮೬೩ರಲ್ಲಿ ಆ ಗುಡ್ಡಗಳಲ್ಲಿ ಚಿನ್ನ ಸಿಕ್ಕಿತು. ಅದೇ ವರ್ಷ ಅರಿಜೋನಾ ಎಂಬ ಪ್ರಾಂತ ಹುಟ್ಟಿತು. ೧೮೬೪ರಲ್ಲಿ ಅದರ ರಾಜಧಾನಿಯೆಂದು ಈ ಊರನ್ನು ಕಟ್ಟಿದರು. ರಾಜಧಾನಿಯ ಪಟ್ಟ ೧೮೬೭ರಲ್ಲಿ ಟೂಸಾನ್ ಎಂಬ ಊರಿಗೆ ಹೋಯಿತು. ೧೮೭೭ರಲ್ಲಿ ಮರಳಿ ಬಂತು. ೧೮೮೯ರಲ್ಲಿ ಫೀನಿಕ್ಸಿಗೆ ಹೋದದ್ದು ಮತ್ತೆ ಬರಲಿಲ್ಲ. ಊರಿಗೆ ಹೆಸರಿಟ್ಟದ್ದು ವಿಲಿಯಂ ಪ್ರೆಸ್ಕಾಟ್ ಎಂಬ ಇತಿಹಾಸಕಾರನ ನೆನಪಿಗೆ. ಮೆಕ್ಸಿಕೋವನ್ನು ಸ್ಪೇನಿನವರು ಗೆದ್ದ ಚರಿತ್ರೆಯನ್ನು ಆತ ೧೮೪೩ರಲ್ಲಿ ಪ್ರಕಟಿಸಿದ. ಆದುದರಿಂದಲೇ ಇಲ್ಲಿನ ಬೀದಿಗಳಿಗೆ ಕೋರ್ಟೆಜ್ ಬೀದಿ, ಮಾಂಟೆಜೂಮಾ ಬೀದಿ ಎಂಬ ಹೆಸರುಗಳು. ಆ ಮಹಾಶಯ ಬಾಸ್ಟನ್ನಿನಲ್ಲಿ ಕುಳಿತು ಬರೆದವನು, ಕಣ್ಣು ಬಹುಪಾಲು ಹೋಗಿತ್ತು, ಮೆಕ್ಸಿಕೋವನ್ನು ನೋಡಲಿಲ್ಲ. ಊರು ಹುಟ್ಟುವ ಐದು ವರ್ಷ ಮೊದಲೇ ತೀರಿಕೊಂಡ. ಕಾಣದ ಸೀಮೆಯನ್ನು ಬಣ್ಣಿಸಿದವನ ಹೆಸರು ಆತ ಕಾಣದ ಊರಿಗೆ!

ಈ ಮಾತನ್ನು ತಾವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಊರಿನ ನಡುವೆ ಒಂದು ಚೌಕ. ಚೌಕದ ನಡುವೆ ೧೯೧೬ರಲ್ಲಿ ಬೂದು ಬಣ್ಣದ ಕಲ್ಲಿನಲ್ಲಿ ಕಟ್ಟಿದ ನ್ಯಾಯಾಲಯ, ಸುತ್ತ ಹುಲ್ಲು, ಎಲ್ಮ್ ಮರಗಳ ನೆರಳು. ಪಶ್ಚಿಮಕ್ಕೆ ಹೆಂಡದಂಗಡಿಗಳ ಒಂದು ಸಾಲು. ಅದಕ್ಕೆ ವಿಸ್ಕಿ ಸಾಲು ಎಂದೇ ಹೆಸರು. ಸರಕಾರಿ ನಕ್ಷೆಯಲ್ಲಿ ಏನಾದರೂ ಇರಲಿ, ಜನರ ಬಾಯಲ್ಲಿ ಅದೇ. ೧೯೦೦ರ ಜುಲೈ ೧೪ರ ರಾತ್ರಿ ಆ ಸಾಲಿಗೆ ಬೆಂಕಿ ಬಿತ್ತು. ಪ್ಯಾಲೇಸ್ ಎಂಬ ಅಂಗಡಿಯ ಗಿರಾಕಿಗಳು ಅದರ ಕೆತ್ತನೆಯ ಉದ್ದನೆಯ ಕಟ್ಟೆಯನ್ನೇ ಹೊತ್ತು ತಂದು ಚೌಕದಲ್ಲಿಟ್ಟು, ಎದುರಿಗೆ ಊರು ಉರಿಯುತ್ತಿರಲು, ತಮ್ಮ ಪಾನವನ್ನು ಮುಂದುವರಿಸಿದರೆಂದು ಇಂದಿಗೂ ಹೇಳುತ್ತಾರೆ. ಮರುವರ್ಷ ಕಟ್ಟಡವನ್ನು ಮತ್ತೆ ಕಟ್ಟಿದರು. ನಾನು ಒಳಗೆ ಹೋಗಿ ಆ ಕಟ್ಟೆಯನ್ನು ನೋಡಿ ಬಂದೆ. ನೋಡಿದ್ದಷ್ಟೇ, ಅವ್ವ ಹೊರಗೆ ನಿಂತಿದ್ದಳು.

ನ್ಯಾಯಾಲಯದ ಮುಂದೆ ಕಂಚಿನ ಕುದುರೆಯೊಂದು ಜಗ್ಗಿ ನಿಂತಿದೆ, ಬೆನ್ನ ಮೇಲೆ ಸವಾರ. ಈ ಊರಿನ ಮೇಯರನಾಗಿದ್ದ ಬಕ್ಕಿ ಓನೀಲ್ ೧೮೯೮ರಲ್ಲಿ ಕ್ಯೂಬಾದ ಯುದ್ಧದಲ್ಲಿ ಮಡಿದ. ಅವನ ಹಾಗೂ ಅವನ ದಳದ ನೆನಪಿಗೆ ೧೯೦೭ರಲ್ಲಿ ನಿಲ್ಲಿಸಿದ ವಿಗ್ರಹ ಅದು. ಮಾಡಿದವನು ಸೋಲನ್ ಬೋರ್ಗ್ಲಮ್. ಅವನ ಅಣ್ಣ ಗಟ್ಜನ್ ಬೋರ್ಗ್ಲಮನೇ ಮುಂದೆ ರಶ್ಮೋರ್ ಬೆಟ್ಟದಲ್ಲಿ ನಾಲ್ವರು ಅಧ್ಯಕ್ಷರ ಮುಖಗಳನ್ನು ಕೊರೆದದ್ದು. ಅಣ್ಣನದು ದೊಡ್ಡ ಕೆಲಸ, ನಿಜ. ನನ್ನನ್ನು ಕೇಳಿದರೆ ತಮ್ಮನ ಕುದುರೆಗೆ ಜೀವ ಹೆಚ್ಚು.

ಈ ಚೌಕದ ಹುಲ್ಲಿನ ಮೇಲೆ ಮೇ ತಿಂಗಳ ಕೊನೆಯ ಶನಿವಾರದಿಂದ ಸೋಮವಾರದವರೆಗೆ ಬಿಳಿಯ ಡೇರೆಗಳು ಸಾಲಾಗಿ ಏಳುತ್ತವೆ. ಆ ಸೋಮವಾರ ಅವರಿಗೆ ಯುದ್ಧದಲ್ಲಿ ಮಡಿದವರನ್ನು ನೆನೆಯುವ ರಜಾದಿನ. ೧೯೭೦ರ ದಶಕದಿಂದ ಈ ಪ್ರದರ್ಶನ ನಡೆದು ಬಂದಿದೆ. ಡೇರೆಗೊಬ್ಬ ಕಲಾವಿದ. ತನ್ನ ಚಿತ್ರಗಳನ್ನು ತೂಗುಹಾಕಿ, ಮಡಿಸುವ ಕುರ್ಚಿಯಲ್ಲಿ ಕೂತು, ಬಂದವರೊಡನೆ ಹರಟುತ್ತಾನೆ. ನಾನು ಡೇರೆಗಳನ್ನು ಎಣಿಸಲು ತೊಡಗಿ ಅರವತ್ತಕ್ಕೆ ಬಿಟ್ಟೆ. ನಮ್ಮಲ್ಲಿಯೂ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ೨೦೦೩ರಿಂದ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ನಡೆಸುತ್ತಿದ್ದಾರಷ್ಟೆ. ಅಲ್ಲಿ ಇರುವೆ ನುಸುಳಲೂ ಜಾಗವಿರುವುದಿಲ್ಲ. ಇಲ್ಲಿ ಜನರು ನಾಯಿಯನ್ನು ಹಿಡಿದುಕೊಂಡು, ಐಸ್‌ಕ್ರೀಮ್ ತಿನ್ನುತ್ತ ಸಾವಕಾಶವಾಗಿ ಸುಳಿಯುತ್ತಾರೆ. ಮಿಕ್ಕಂತೆ ಸಂತೆ ಸಂತೆಯೇ. ಚೌಕಾಸಿಯೂ ಉಂಟು, ಬಹಳ ಮೃದುವಾದ ಧ್ವನಿಯಲ್ಲಿ ಮಾಡುತ್ತಾರೆ, ಅಷ್ಟೆ.

ಪ್ರದರ್ಶನವನ್ನು ನಡೆಸುವುದು ಫಿಪ್ಪೆನ್ ಎಂಬ ಚಿತ್ರಕಾರನ ಹೆಸರಿನಲ್ಲಿರುವ ವಸ್ತುಸಂಗ್ರಹಾಲಯ. ಅದು ಊರ ಹೊರಗೆ ಉತ್ತರದ ಹೆದ್ದಾರಿಯ ಬದಿಯಲ್ಲಿದೆ, ೧೯೮೪ರಲ್ಲಿ ತೆರೆದದ್ದು. ಜಾರ್ಜ್ ಫಿಪ್ಪೆನ್ ಹುಟ್ಟಿದ್ದು ೧೯೧೫ರಲ್ಲಿ, ಅಯೋವಾದಲ್ಲಿ. ಬೆಳೆದದ್ದು ಕ್ಯಾನ್ಸಸಿನ ಹೊಲಮನೆಯಲ್ಲಿ. ಯಾವ ಕಲಾಶಾಲೆಗೂ ಹೋಗದೆ ತಾನೇ ಕಲಿತು, ಕ್ಯಾಲೆಂಡರುಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆದು, ಕೊನೆಗೆ ಪ್ರೆಸ್ಕಾಟಿನ ಹತ್ತಿರ ಸ್ಕಲ್ ವ್ಯಾಲಿ ಎಂಬಲ್ಲಿ ನೆಲೆಸಿದ. ೧೯೬೫ರಲ್ಲಿ ಸೆಡೋನಾ ಊರಿನ ಒಂದು ಹೆಂಡದಂಗಡಿಯಲ್ಲಿ ಅವನೂ ಮೂರು ನಾಲ್ಕು ಗೆಳೆಯರೂ ಕೂಡಿ ದನಗಾಹಿ ಕಲಾವಿದರ ಸಂಘವೊಂದನ್ನು ಕಟ್ಟಿದರು. ಅದಕ್ಕೆ ಅವನೇ ಮೊದಲ ಅಧ್ಯಕ್ಷ. ಮರುವರ್ಷವೇ ತೀರಿಹೋದ. (ಸಂಘ ಕಟ್ಟಿದವರಿಗೆ ಆಯಸ್ಸು ಕಡಮೆಯೋ ಏನೋ, ನಮ್ಮ ಕಾರ್ಯದರ್ಶಿಗಳು ಗಮನಿಸಬೇಕು.)

ಇನ್ನು ಈ ಕಲೆಯ ಮೂಲಪುರುಷರ ಮಾತು. ಇಬ್ಬರ ಹೆಸರು ಎಲ್ಲ ಡೇರೆಗಳಲ್ಲಿಯೂ ಕೇಳಿಬರುತ್ತದೆ. ಒಬ್ಬ ಫ್ರೆಡರಿಕ್ ರೆಮಿಂಗ್ಟನ್. ೧೮೬೧ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಮೂಡಣದವನು. ಪಡುವಣಕ್ಕೆ ಹೋಗಿ ಕ್ಯಾನ್ಸಸಿನಲ್ಲಿ ಕುರಿ ಸಾಕಿ, ದುಡ್ಡು ಕಳೆದುಕೊಂಡು, ಹಿಂತಿರುಗಿ ಮೂಡಣದಲ್ಲಿಯೇ ಕುಳಿತು ಕುದುರೆ ಸವಾರರನ್ನು ಬರೆದು ಪ್ರಸಿದ್ಧನಾದ. ಕೆರಳಿದ ಕುದುರೆಯನ್ನು ಪಳಗಿಸುವ ಸವಾರನ ಅವನ ಕಂಚಿನ ವಿಗ್ರಹ ೧೮೯೫ರದು. ಅದರ ಪ್ರತಿಗಳಿಗೆ ಲೆಕ್ಕವಿಲ್ಲ. ಕೊನೆಕೊನೆಗೆ ತನ್ನ ಹಳೆಯ ಚಿತ್ರಗಳು ತನಗೇ ಹಿಡಿಸದೆ ಅನೇಕವನ್ನು ಬೆಂಕಿಗೆ ಹಾಕಿದನಂತೆ. ೧೯೦೯ರಲ್ಲಿ, ೪೮ನೆಯ ವಯಸ್ಸಿನಲ್ಲಿ ತೀರಿಕೊಂಡ.

ಇನ್ನೊಬ್ಬ ಚಾರ್ಲಿ ರಸೆಲ್. ಇವನ ಮೇಲೆ ನನಗೆ ಪ್ರೀತಿ ಹೆಚ್ಚು, ಕಾರಣ ಹೇಳುತ್ತೇನೆ. ೧೮೬೪ರಲ್ಲಿ ಸೇಂಟ್ ಲೂಯಿಸ್ ನಗರದ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವನು, ಓದು ಹತ್ತದೆ ಹದಿನಾರರ ಹೊಸ್ತಿಲಲ್ಲಿ ಮೊಂಟಾನಾಕ್ಕೆ ಹೋದ. ರಾತ್ರಿ ದನ ಕಾಯುವ ಕೆಲಸಕ್ಕೆ ಸೇರಿದ. ೧೮೮೬–೮೭ರ ಚಳಿಗಾಲ ಆ ಸೀಮೆಯಲ್ಲಿ ಮಾರಿಯಂತೆ ಬಂತು. ಹುಲ್ಲೆಲ್ಲ ಹಿಮದಡಿ ಹೂತು ಲಕ್ಷಗಟ್ಟಲೆ ದನ ಸತ್ತವು. ದೂರದ ಪಟ್ಟಣದಲ್ಲಿದ್ದ ಪಾಲುದಾರನೊಬ್ಬ ತನ್ನ ದನಗಳು ಹೇಗಿವೆ ಎಂದು ಕೇಳಿ ಕಾಗದ ಬರೆದ. ಉತ್ತರವನ್ನು ಹೇಗೆ ಬರೆಯಬೇಕೆಂದು ಮೇಲ್ವಿಚಾರಕನಿಗೆ ತೋಚಲಿಲ್ಲ. ಜೊತೆಗಿದ್ದ ರಸೆಲ್ ಅಂಗೈಯಗಲದ ಕಾಗದದ ಮೇಲೆ ಒಂದು ನೀರುಬಣ್ಣದ ಚಿತ್ರ ಬರೆದ: ಹಿಮದ ನಡುವೆ ಎಲುಬಿನ ಗೂಡಾದ ಒಂದೇ ಒಂದು ದನ, ಬಳಿಯಲ್ಲಿ, ಅದು ಬೀಳುವುದನ್ನೇ ಕಾಯುತ್ತಿರುವ ತೋಳಗಳು. ‘ಚಿನೂಕ್’ ಎಂದರೆ ಹಿಮವನ್ನು ಕರಗಿಸುವ ಬೆಚ್ಚನೆಯ ಗಾಳಿ. ಆ ಗಾಳಿಗಾಗಿ ಕಾದಿರುವುದು ಎಂಬುದೇ ಚಿತ್ರದ ಹೆಸರಾಯಿತು. ಕಾಗದದ ಬದಲು ಚಿತ್ರವೇ ಹೋಯಿತು. ಮಾಲೀಕನಿಗೆ ಬೇರೆ ವರದಿ ಬೇಕಾಗಲಿಲ್ಲ.

ಬ್ಯಾಂಕಿನವನಾದ ನನಗೆ ಇದು ಬಹಳ ಹಿಡಿಸಿತು. ವರ್ಷದ ಕೊನೆಗೆ ನಾವು ಆಸ್ತಿ-ಹೊಣೆ ಪಟ್ಟಿ ತಯಾರಿಸುತ್ತೇವೆ; ಎಷ್ಟು ಪುಟ, ಎಷ್ಟು ಅಡಿಟಿಪ್ಪಣಿ! ಬಾರದ ಸಾಲವನ್ನು ಬರುವ ಸಾಲದಂತೆ ಕಾಣಿಸಲು ಎಷ್ಟು ಬಗೆಯ ಮಾತು! ಆ ದನಗಾಹಿ ಹುಡುಗ ಒಂದು ಕಾರ್ಡಿನಲ್ಲಿ ಲೆಕ್ಕ ಒಪ್ಪಿಸಿಬಿಟ್ಟ. ಮುಂದೆ ೧೮೯೬ರಲ್ಲಿ ನ್ಯಾನ್ಸಿ ಎಂಬಾಕೆಯನ್ನು ಮದುವೆಯಾದ ಮೇಲೆ ಆಕೆ ಇವನ ವ್ಯವಹಾರವನ್ನು ಕೈಗೆ ತೆಗೆದುಕೊಂಡಳು. ಗೆಳೆಯರಿಗೆ ಪುಕ್ಕಟೆ ಹಂಚುತ್ತಿದ್ದ ಚಿತ್ರಗಳಿಗೆ ಬೆಲೆ ಕಟ್ಟಿದಳು. ಆ ಬೆಲೆ ಕೇಳಿ ಗಂಡನಿಗೇ ಗಾಬರಿಯಾಗುತ್ತಿತ್ತಂತೆ.

ಒಂದು ಲೆಕ್ಕವನ್ನು ತಮ್ಮ ಮುಂದಿಡಬೇಕು. ಟೆಕ್ಸಾಸಿನಿಂದ ಕ್ಯಾನ್ಸಸಿನ ರೈಲು ನಿಲ್ದಾಣಗಳಿಗೆ ಸಾವಿರಗಟ್ಟಲೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಆ ಪ್ರಸಿದ್ಧ ಕಾಲ ಎಷ್ಟು ವರ್ಷದ್ದೆಂದು ತಿಳಿದಿದ್ದೀರಿ? ೧೮೬೬ರಿಂದ ಹಿಡಿದು ೨೦ ವರ್ಷ, ಹೆಚ್ಚೆಂದರೆ ೨೫. ೧೮೭೪ರಲ್ಲಿ ಗ್ಲಿಡನ್ ಎಂಬವನು ಮುಳ್ಳುತಂತಿಗೆ ಹಕ್ಕುಪತ್ರ ಪಡೆದ. ಬಯಲಿಗೆಲ್ಲ ಬೇಲಿ ಬಿತ್ತು. ರೈಲು ಎಲ್ಲ ಕಡೆಗೂ ಬಂತು. ಮುಗಿಯಿತು. ಹೀಗೆ ೨೦ ವರ್ಷ ಬಾಳಿದ ಒಂದು ಕಸುಬನ್ನು ನೂರೈವತ್ತು ವರ್ಷದಿಂದ ಬರೆಯುತ್ತಲೇ ಇದ್ದಾರೆ! ಬರೆದವರಾದರೂ ಯಾರು? ಒಬ್ಬ ನ್ಯೂಯಾರ್ಕಿನವನು, ಒಬ್ಬ ಸೇಂಟ್ ಲೂಯಿಸಿನವನು, ಒಬ್ಬ ಅಯೋವಾದವನು. ಊರಿನ ಹೆಸರಿನವನಂತೂ ಅತ್ತ ತಲೆಹಾಕಿದವನೇ ಅಲ್ಲ. ದೂರದಿಂದ ಬಂದವರು, ಇಲ್ಲವೇ ದೂರ ಹೋದವರು. ಹೊರನಾಡಿನಲ್ಲಿ ಕುಳಿತು ಊರಿನ ಚಿತ್ರ ಬರೆಯುವುದೆಂದರೆ ಏನೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ.

ಡೇರೆಗಳಿಗೆ ಹಿಂತಿರುಗುತ್ತೇನೆ. ಒಂದರಲ್ಲಿ ಕಂಚಿನ ಶಿಲ್ಪಿಯೊಬ್ಬ ತನ್ನ ಕೆಲಸದ ಹಂತಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಿದ್ದ. ಮೊದಲು ಮಣ್ಣಿನ ಕುದುರೆ; ಅದರಿಂದ ಅಚ್ಚು; ಅಚ್ಚಿನಿಂದ ಮೇಣದ ಕುದುರೆ; ಅದಕ್ಕೆ ಮೇಲುಲೇಪ; ಕಾಯಿಸಿದರೆ ಮೇಣ ಕರಗಿ ಹೊರಬಿದ್ದು ಉಳಿದ ಪೊಳ್ಳಿಗೆ ಕರಗಿದ ಕಂಚು. ನಾನು ಸುಮ್ಮನಿರಲಾರದೆ, “ಇದನ್ನೇ ನಮ್ಮ ಕಡೆಯ ಅರಸನೊಬ್ಬ ೧೨ನೆಯ ಶತಮಾನದಲ್ಲಿ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ,” ಎಂದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮೇಣದಿಂದ ವಿಗ್ರಹ ಎರೆಯುವ ಈ ಕ್ರಮದ ವಿವರಣೆಯಿದೆ. ಆತ ಕೂಡಲೇ ಒಂದು ಚೀಟಿ ಕೊಟ್ಟು ಹೆಸರು ಬರೆದುಕೊಡಲು ಹೇಳಿದ. ನಾನು ಬರೆದುಕೊಟ್ಟೆ. ಕಲ್ಯಾಣದ ದೊರೆ ಅರಿಜೋನಾದ ಶಿಲ್ಪಿಯೊಬ್ಬನ ಜೇಬಿನೊಳಗೆ ಹೋದದ್ದು ಹೀಗೆ. ಶಿಲ್ಪದ ಬುಡದಲ್ಲಿ ೭/೩೦ ಎಂದು ಕೊರೆದಿತ್ತು. ಮೂವತ್ತೇ ಪ್ರತಿ ಎರೆದು ಅಚ್ಚನ್ನು ಒಡೆಯುತ್ತಾರಂತೆ, ಇದು ಏಳನೆಯದು. ನೋಟಿನ ಮೇಲೆ ಸಂಖ್ಯೆ ಇರುವಂತೆಯೇ. ಪ್ರತಿಗಳು ಕಡಮೆಯಾದಷ್ಟೂ ಬೆಲೆ ಹೆಚ್ಚು. ರಿಜರ್ವ್ ಬ್ಯಾಂಕಿನವರೂ ಬಲ್ಲ ತತ್ವ.

ಮಧ್ಯಾಹ್ನ ಇನ್ನೊಂದು ವಿನೋದ ನಡೆಯಿತು. ಕಲಾವಿದರು ಎಲ್ಲರೆದುರಿಗೆ ಗಡಿಯಾರ ಹಚ್ಚಿಕೊಂಡು, ಗೊತ್ತುಪಡಿಸಿದ ಹೊತ್ತಿನೊಳಗೆ ಚಿತ್ರ ಮುಗಿಸಬೇಕು. ಬಣ್ಣ ಒಣಗುವ ಮೊದಲೇ ಅದನ್ನು ಹರಾಜು ಹಾಕುತ್ತಾರೆ. ಹರಾಜುಗಾರನ ನಾಲಗೆ ನಮ್ಮ ಹುಬ್ಬಳ್ಳಿಯ ದಲಾಲರಿಗೂ ನಾಚಿಕೆ ತರುವಂಥದು. ನನ್ನ ಮಟ್ಟಿಗೆ ಆ ಓಟದಲ್ಲಿ ಆದ ಚಿತ್ರಗಳೇ ಮಿಕ್ಕವಕ್ಕಿಂತ ಚೆನ್ನಾಗಿದ್ದವು. ನಯ ಮಾಡಲು ಹೊತ್ತಿರಲಿಲ್ಲ.

ಏಕೆಂದರೆ ಡೇರೆಗಳ ತುಂಬ ಇದ್ದದ್ದು ನಯ. ಹೊನ್ನಿನ ಬಣ್ಣದ ಸಂಜೆ, ತೊಳೆದಂತಿರುವ ಕುದುರೆ, ಚೆಲುವನಾದ ಸವಾರ, ಮೈತುಂಬಿದ ದನ. ನೂರು ಚಿತ್ರ ನೋಡಿದರೆ ತೊಂಬತ್ತರಲ್ಲಿ ಸೂರ್ಯ ಮುಳುಗುತ್ತಿದ್ದಾನೆ. ಮಳೆಯಿಲ್ಲದ ವರ್ಷ ಒಂದರಲ್ಲೂ ಇಲ್ಲ. ದನಗಾಹಿಗಳಲ್ಲಿ ನಾಲ್ವರಿಗೊಬ್ಬ ಕಪ್ಪು ಜನಾಂಗದವನಿದ್ದನೆಂದು ಇತಿಹಾಸಕಾರರ ಅಂದಾಜು. ಅವರ ಹಗ್ಗ, ಜೀನು, ಕಸುಬಿನ ಮಾತು ಎಲ್ಲ ಮೆಕ್ಸಿಕೋದ ದನಗಾಹಿಗಳಿಂದ ಬಂದದ್ದು. ‘ರೋಡಿಯೋ’ ಎಂಬುದೇ ಸ್ಪೇನಿನ ಮಾತು. ಚಿತ್ರಗಳಲ್ಲಿ ಆ ಮುಖಗಳು ಬಲು ಅಪರೂಪ.

ಮೂಲನಿವಾಸಿಗಳ ಚಿತ್ರಗಳೇನೋ ಹೇರಳವಾಗಿದ್ದವು: ಗರಿಯ ಕಿರೀಟ, ದೂರದ ನೋಟ. ಅವರದೇ ಕುಲದ ಕಲಾವಿದರ ಡೇರೆಗಳೂ ಎರಡು ಮೂರು ಕಂಡವು. ಆದರೆ ಈ ಚೌಕವಿರುವ ಜಿಲ್ಲೆಯ ಹೆಸರೇ ಯಾವಪಾಯ್. ಅದು ಇಲ್ಲಿನ ಮೂಲಜನರ ಹೆಸರು. ೧೮೭೫ರ ಫೆಬ್ರವರಿಯಲ್ಲಿ ಸುಮಾರು ೧,೫೦೦ ಯಾವಪಾಯ್ ಮತ್ತು ಅಪಾಚಿ ಜನರನ್ನು, ಮುದುಕರು ಮಕ್ಕಳೆನ್ನದೆ, ಇಲ್ಲಿಗೆ ಮೂಡಣದ ವರ್ಡಿ ಕಣಿವೆಯಿಂದ ೧೮೦ ಮೈಲಿ ದೂರದ ಸ್ಯಾನ್ ಕಾರ್ಲೋಸಿಗೆ ಚಳಿಗಾಲದ ಹೊಳೆಗಳನ್ನು ದಾಟಿಸಿ ನಡೆಸಿದರು. ದಾರಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಬಹು ವರ್ಷದ ಮೇಲೆ ಕೆಲವರು ಮರಳಿ ಬಂದರು. ೧೯೩೫ರಲ್ಲಿ ಹಳೆಯ ಸೈನ್ಯದ ಠಾಣೆಯ ನೆಲದಲ್ಲಿ ೭೫ ಎಕರೆ ಅವರಿಗೆ ದೊರೆಯಿತು. ಆ ನಡಿಗೆಯ ಚಿತ್ರವನ್ನು ಸಂತೆಯಲ್ಲಿ ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ. ಮಾರಾಟವಾಗುವ ಸರಕಲ್ಲ. ಕಲಾವಿದರನ್ನು ನಾನು ದೂರುವುದಿಲ್ಲ. ಮೂರು ದಿನದ ಡೇರೆ ಬಾಡಿಗೆ, ದಾರಿಖರ್ಚು, ಚೌಕಟ್ಟಿನ ಖರ್ಚು ಕಳೆದು ಉಳಿಯಬೇಕಲ್ಲ. ಕೊಳ್ಳುವವರು ನಿವೃತ್ತರಾಗಿ ಆ ತಂಪು ಊರಿಗೆ ಬಂದು ನೆಲೆಸಿದವರು. ಮನೆಯ ಗೋಡೆಗೆ ಬೇಕಾದದ್ದು ಒಳ್ಳೆಯ ದಿನ. ನಾವೇನು ಕಡಮೆ? ನಮ್ಮ ಸಂಘದ ಈ ಸಭಾಂಗಣದ ಗೋಡೆಗಳನ್ನೇ ನೋಡಿ. ಹಂಪೆಯ ರಥ, ಜೋಗದ ನೀರು, ಕಾರಹುಣ್ಣಿಮೆಯ ಮೈತುಂಬಿದ ಎತ್ತುಗಳು. ಇಲ್ಲಿರುವ ನಾವು ಎಷ್ಟೋ ಜನ ಬಿಟ್ಟು ಬಂದ ಊರು ಆ ಚಿತ್ರಗಳ ಊರಲ್ಲ.

ನಮ್ಮದು ಗದಗಿನ ಕಡೆಯ ಬಯಲುಸೀಮೆಯ ಹಳ್ಳಿ. ೨೦೦೧ರಿಂದ ಸಾಲುಸಾಲಾಗಿ ಮಳೆ ಕೈಕೊಟ್ಟಿತು. ಮೂರನೆಯ ವರ್ಷ, ೨೦೦೩ರ ಬೇಸಿಗೆಯಲ್ಲಿ, ಅಪ್ಪ ಬಸ್ಯಾ, ಮಲ್ಯಾ ಎಂಬ ನಮ್ಮ ಎರಡು ಎತ್ತುಗಳನ್ನು ದನದ ಸಂತೆಗೆ ಹೊಡೆದುಕೊಂಡು ಹೋದ. ಅವ್ವ ಬಾಗಿಲಲ್ಲಿ ಅವಕ್ಕೆ ಕುಂಕುಮ ಹಚ್ಚಿ ಕಳಿಸಿದಳು. ನಾನು ಆಗ ಏಳನೆಯ ಇಯತ್ತೆ. ಸಂಜೆ ಅಪ್ಪ ಬಂದು ಎಂಟೂವರೆ ಸಾವಿರ ರೂಪಾಯಿಯನ್ನೂ ಎರಡು ಹಗ್ಗಗಳನ್ನೂ ಅವಳ ಮುಂದಿಟ್ಟ. ಆ ತಿಂಗಳೇ ನಾವು ಈ ಊರಿಗೆ ಬಂದದ್ದು. ಅಪ್ಪನಿಗೆ ಕಾರಖಾನೆಯಲ್ಲಿ ಕಾವಲು ಕೆಲಸ. ಅವನು ತೀರಿಕೊಂಡು ಏಳು ವರ್ಷವಾಯಿತು. ಆ ಎತ್ತುಗಳ ಮಾತನ್ನು ಅವನೂ ಆಡಲಿಲ್ಲ, ಅವ್ವನೂ ಆಡಲಿಲ್ಲ. ಅವುಗಳ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಈ ಮಾತನ್ನು ಇಲ್ಲಿ ಏಕೆ ತಂದೆನೆಂದರೆ, ಅಂದು ಸಂಜೆ ನಡೆದದ್ದು ಇದಿಲ್ಲದೆ ತಿಳಿಯುವುದಿಲ್ಲ.

ಬಿಸಿಲು ಇಳಿದಿತ್ತು. ಅವ್ವ ಸುತ್ತಿ ಸುತ್ತಿ ದಣಿದಿದ್ದಳು. ಮರದಡಿಯ ಬೆಂಚು ಹುಡುಕಿಕೊಂಡು ಹೊರಟವಳು ಕೊನೆಯ ಸಾಲಿನ ಒಂದು ಡೇರೆಯ ಮುಂದೆ ನಿಂತುಬಿಟ್ಟಳು. ಒಳಗೆ ಅರವತ್ತರ ಆಸುಪಾಸಿನ, ಬಿಸಿಲಿಗೆ ಸುಟ್ಟ ಮುಖದ ಹೆಂಗಸು ಕುಳಿತಿದ್ದಳು. ಸುತ್ತ ಅವಳು ಬರೆದ ಚಿತ್ರಗಳು. ಅವೂ ಎಲ್ಲರವುಗಳಂತೆ ಸಂಜೆ, ಕುದುರೆ. ಆದರೆ ಕೆಳಗೆ ಒಂದು ಮೂಲೆಯಲ್ಲಿ, ಬಹುಶಃ ಯಾರೂ ಕೇಳದ್ದರಿಂದ ಅಲ್ಲಿಟ್ಟಿದ್ದ, ಗೇಣುದ್ದದ ನೀರುಬಣ್ಣದ ಚಿತ್ರ: ತಂತಿಬೇಲಿ, ಒಣ ತೊಟ್ಟಿ, ಒಂದು ಬಡಕಲು ಆಕಳು. ಅವ್ವ ಮಂಡಿಯೂರಿ ಕೂತು ಅದನ್ನು ನೋಡಿದಳು.

“ಮೂಗು ಒಣಗೇತಿ ನೋಡು,” ಎಂದಳು. “ಜಡ್ಡಿನ ದನಾ ಅಲ್ಲ ಇದು. ನೀರಿಲ್ಲದ ದನಾ. ಬರೆದಾಕಿ ದನಾ ಕಟ್ಟಿದಾಕಿ ಇರಬೇಕು.”

ನನಗೆ ಆಗ ಕಂಡಿತು: ಮಿಕ್ಕ ಚಿತ್ರಗಳಲ್ಲೆಲ್ಲ ದನದ ಮೂಗಿನ ಮೇಲೆ ಬಿಳಿಯ ಬಣ್ಣದ ಒಂದು ಹೊಳಪಿನ ಚುಕ್ಕೆಯಿತ್ತು; ಇದರಲ್ಲಿರಲಿಲ್ಲ. ಆ ಹೆಂಗಸು, ಇವರು ಏನೆನ್ನುತ್ತಾರೆಂದು ಕೇಳಿದಳು. ನಾನು ಹೇಳಿದೆ. ಅವಳು ಕುರ್ಚಿಯಿಂದೆದ್ದು ಬಂದು ಅವ್ವನ ಪಕ್ಕದಲ್ಲಿ ಹುಲ್ಲಿನ ಮೇಲೆಯೇ ಕುಳಿತಳು. ತನ್ನದು ದನ ಸಾಕುವ ಮನೆತನವೆಂದೂ, ೨೦೨೧ರ ಬರದಲ್ಲಿ ನೀರೂ ಮೇವೂ ಕೊಂಡು ತರಲಾಗದೆ ಎಲ್ಲವನ್ನೂ ಮಾರಿದೆವೆಂದೂ, ಇದು ಕೊನೆಗೆ ಉಳಿದ ಆಕಳೆಂದೂ ಹೇಳಿದಳು. ನಾನು ಅವ್ವನಿಗೆ ಹೇಳಿದೆ. ಅವ್ವ ಏನೂ ಮಾತಾಡದೆ ಎರಡು ಬೆರಳೆತ್ತಿ ತೋರಿಸಿ, ಕೈಯಿಂದ ಕೊಂಬಿನ ಆಕಾರ ಮಾಡಿ, ಅಂಗೈ ಮುಗುಚಿದಳು. ಅದನ್ನು ನಾನು ಭಾಷಾಂತರಿಸಬೇಕಾಗಲಿಲ್ಲ. ಇಬ್ಬರೂ ಬಹಳ ಹೊತ್ತು ಹಾಗೆಯೇ ಕುಳಿತಿದ್ದರು. ನನಗೆ ನಿಲ್ಲಲೂ ಆಗದೆ ಹೋಗಲೂ ಆಗದೆ, ಅಭ್ಯಾಸಬಲದಿಂದ ಬೆಲೆಚೀಟಿಯತ್ತ ನೋಡಿದೆ. ೧೮೦ ಡಾಲರು. ನಮ್ಮ ಲೆಕ್ಕಕ್ಕೆ ಹದಿನೈದು ಸಾವಿರದ ಹತ್ತಿರ.

ತಿಂಗಳ ಕಂತುಗಳನ್ನೆಲ್ಲ ಮನಸ್ಸಿನಲ್ಲಿಯೇ ಕೂಡಿ ಕಳೆದು, ಆಗಲಿ, ಎಂದುಕೊಂಡೆ. ಜೇಬಿಗೆ ಕೈ ಹಾಕಿದ್ದನ್ನು ಅವ್ವ ನೋಡಿದಳು.

“ಬ್ಯಾಡಪಾ,” ಎಂದಳು. “ಬಡಕಲ ದನದ ಚಿತ್ರಾ ಮನ್ಯಾಗ ಹಾಕಬಾರದು.”

ಅಷ್ಟು ಹೊತ್ತು ಅದರ ಮುಂದೆ ಕುಳಿತವಳ ಮಾತು ಇದು. ನಾನು ವಾದಿಸಹೋದೆ; ರಸೆಲನ ಕಥೆಯನ್ನೂ ಹೇಳಿದೆ. ಅವ್ವ ಕೇಳಿ, “ಅಂವ ಮಾಲಕಗ ಬರದಾನ. ನಾವು ಯಾರಿಗೆ ತೋರಸೋಣು?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ; ಈಗಲೂ ಇಲ್ಲ. ಆ ಹೆಂಗಸಿಗೆ ಏನು ಹೇಳುವುದೆಂದು ತಿಳಿಯದೆ, ತಾಯಿಗೆ ಮನಸ್ಸಿಗೆ ಕಷ್ಟವಾಗುತ್ತದಂತೆ, ಎಂದೆ. ಅವಳು ತಲೆಯಾಡಿಸಿ, ಚಿತ್ರವನ್ನು ಎತ್ತಿ ಮತ್ತೆ ಮೂಲೆಯಲ್ಲಿಟ್ಟಳು. ಕೊಳ್ಳದ ಗಿರಾಕಿಯ ಮೇಲೆ ಅವಳಿಗೆ ಬೇಸರವಿದ್ದಂತೆ ಕಾಣಲಿಲ್ಲ. ಹೊರಡುವಾಗ ಅವ್ವನ ಎರಡೂ ಕೈ ಹಿಡಿದುಕೊಂಡಳು.

ದಾರಿಯಲ್ಲಿ ಅವ್ವ ಮಾತಾಡಲಿಲ್ಲ. ದೇವದಾರು ಮುಗಿದು ಹುಲ್ಲುಗಾವಲು ಬಂತು. ಬೇಲಿಯಾಚೆ ನಾಲ್ಕಾರು ಕರಿಯ ದನ ಮೇಯುತ್ತಿದ್ದವು. ಕಳ್ಳಿಗಿಡಗಳ ಸೀಮೆ ಬಂದು, ಫೀನಿಕ್ಸಿನ ದೀಪಗಳು ಕಾಣಿಸುವ ಹೊತ್ತಿಗೆ ಅವಳು ಕೇಳಿದಳು:

“ಆಕಿ ತನ್ನ ದನಾ ಯಾರಿಗೆ ಮಾರಿದ್ಲಂತ ಕೇಳಿದೇನು?”

ಇಲ್ಲ ಎಂದೆ.

“ಕೇಳಬೇಕಿತ್ತು,” ಎಂದಳು.